ಧಾರೆಯ ಮಂತ್ರದಲ್ಲಿ ಕೆಂಪು

ಶಿಷ್ಯ ಕೇಳಿದ: "ಗುರುಗಳೇ, ನಾವು ಕಂಪ್ಯೂಟರ್ ಸ್ಕ್ರಿಪ್ಟ್ ಬರೆಯುವ ಎಡಿಟರ್‌ನಲ್ಲಿ ಉದ್ಧರಣ ಚಿಹ್ನೆಗಳ ನಡುವಿನ ಮಾತಿಗೆಲ್ಲ ಒಂದೇ ಹಸಿರು ಬಣ್ಣ ಬೀಳುತ್ತದೆ. ಒಳಗೆ ಕೂತ, ಸಲಸಲಕ್ಕೂ ಬೆಲೆ ಬದಲಾಗುವ ವೇರಿಯಬಲ್ಲೂ ಹಸಿರೇ. ಬಣ್ಣ ತಪ್ಪಿದರೂ ಯಂತ್ರ ತನ್ನ ಕೆಲಸ ಮಾಡುತ್ತದೆ. ಬಣ್ಣ ಹಚ್ಚುವ ಆ ನಿಯಮ ತಿದ್ದುತ್ತ ನಾನೇಕೆ ಕೂರಬೇಕು?"

ಗುರು ಹೇಳಿದರು:

ಒಬ್ಬ ವರ್ತಕ ಮಗಳ ಮದುವೆ ಮಾಡಿದ. ಅಕ್ಕಿಯನ್ನು ಮೂಸಿ, ಬೆಲ್ಲವನ್ನು ಒಡೆದು ನೋಡಿ ಕೊಂಡವನು. ಮಂತ್ರವನ್ನು ಮಾತ್ರ ಹಾಗೆ ಒಡೆದು ನೋಡಲು ಅವನಿಗೆ ಬರುತ್ತಿರಲಿಲ್ಲ.

ಪುರೋಹಿತ ಧಾರೆಯ ಮಂತ್ರವನ್ನು ಹೊಸದಾಗಿ ನಕಲು ಮಾಡಿಸಿದ್ದ. ನಕಲುಗಾರ ಹಿಂದಿನ ಮದುವೆಯ ವರನ ಹೆಸರನ್ನೂ ಮಂತ್ರದ ಕಪ್ಪು ಶಾಯಿಯಲ್ಲೇ ಬರೆದಿಟ್ಟಿದ್ದ. ಓದುವ ಓಟದಲ್ಲಿ ಪುರೋಹಿತ ಅದನ್ನೇ ಓದಿಬಿಟ್ಟ. ವರ್ತಕನ ಹೆಂಡತಿ ಆಗಲೇ ತಂಬಿಗೆ ಬಾಗಿಸಿದ್ದಳು.

"ಅಮ್ಮಾ, ನೀರು ಬಿಡಬೇಡ! ಅದು ಇವರ ಹೆಸರಲ್ಲ" ಎಂದಳು ಮಗಳು.

ವರನ ಸೋದರಮಾವ ಎದ್ದು ನಿಂತ. "ನಮ್ಮ ಹುಡುಗನನ್ನು ಕೂರಿಸಿಕೊಂಡು ಇನ್ಯಾರಿಗೋ ಧಾರೆ ಎರೆಯುತ್ತೀರೇನ್ರೀ? ಏಳಯ್ಯಾ, ಹೋಗೋಣ."

ವರ್ತಕ ಕೈ ಮುಗಿದ. "ಬೀಗರೇ, ಕೂತ್ಕೊಳ್ಳಿ. ನೀರಿನ್ನೂ ತಂಬಿಗೆಯಲ್ಲೇ ಇದೆ."

ನಿಜವೇ ಆಗಿತ್ತು. ಅವರು ಕೂತರು.

ಮದುವೆಗೆ ಬಂದಿದ್ದ ನಕಲುಗಾರ ಹೆದರಿ, ಕುಂಕುಮ ಕಲಸಿ, ಕಂಡ ಹೆಸರಿಗೆಲ್ಲ ಕೆಂಪು ಬಳಿದ. ಪುರೋಹಿತ ಕೆಂಪು ಕಂಡಲ್ಲೆಲ್ಲ ನಿಂತ. ನಾರಾಯಣನ ಹೆಸರಿನ ಮುಂದೆಯೂ ನಿಂತು ವರ್ತಕನ ಮುಖ ನೋಡಿದ. ಮುಹೂರ್ತ ಜಾರುತ್ತಿತ್ತು.

"ಅಲ್ಲಯ್ಯಾ, ದೇವರ ಜಾಗಕ್ಕೆ ಯಾರನ್ನು ಕೂರಿಸೋಣ, ನನ್ನನ್ನೋ? ಮದುವೆಯಿಂದ ಮದುವೆಗೆ ಬದಲಾಗುವುದಕ್ಕಷ್ಟೇ ಕೆಂಪು ಹಚ್ಚು" ಎಂದ ವರ್ತಕ.

ನಕಲುಗಾರ ಉಳಿದ ಕೆಂಪನ್ನು ಒರೆಸಿದ. ಈ ಸಲ ಪುರೋಹಿತ ನಿಲ್ಲಬೇಕಾದಲ್ಲಿ ನಿಂತ, ಕೇಳಿ ಹೆಸರು ಹೇಳಿದ. ಸರಿಯಾದ ಹುಡುಗನ ಕೈಗೆ ನೀರು ಬಿತ್ತು.

ಆಮೇಲೆ ಆ ಊರಿನ ಮದುವೆಗಳೆಲ್ಲ ಅದೇ ಪ್ರತಿಯಿಂದ ನಡೆದವು. ಧಾರೆ ಎಲ್ಲೂ ತಡೆಯಲಿಲ್ಲ, ಹಾಗಾಗಿ ಕೆಂಪನ್ನು ಯಾರೂ ಗಮನಿಸಲೂ ಇಲ್ಲ. ವರ್ತಕನೊಬ್ಬ ಮಾತ್ರ ಯಾರ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ನಕಲುಗಾರನನ್ನು ಹುಡುಕಿ, ಕರೆದು, ತನ್ನ ಪಕ್ಕದ ಎಲೆಗೆ ಕೂರಿಸಿಕೊಳ್ಳುತ್ತಿದ್ದ.

ಶಿಷ್ಯ ನಕ್ಕ. "ನಕಲುಗಾರ ಪುಣ್ಯವಂತ. ನನ್ನನ್ನು ಯಾರು ಕರೆದು ಕೂರಿಸುತ್ತಾರೆ, ಗುರುಗಳೇ?"

"ನಿನ್ನ ಪರದೆಯ ಮೇಲಿನ ಉಳಿದ ಬಣ್ಣಗಳನ್ನು ಹಚ್ಚಿಟ್ಟವರಲ್ಲಿ ನೀನು ಯಾರನ್ನು ಕರೆದು ಕೂರಿಸಿದ್ದೀಯೆ?" ಎಂದರು ಗುರು.

ಶಿಷ್ಯ ಎಡಿಟರ್ ತೆರೆದು ಆ ನಿಯಮ ಹುಡುಕತೊಡಗಿದ.