ಒಲೆಗುಡ್ಡ

ಹಿರೇಮಾಳದಿಂದ ಬಡಗಣ ದಿಕ್ಕಿಗೆ ಹೋಗುವ ದಾರಿಯಲ್ಲಿ, ದೊಡ್ಡ ಕೆರೆಯ ಏರಿ ದಾಟಿದೊಡನೆ ಬೋಳು ಗುಡ್ಡವೊಂದು ಸಿಗುತ್ತದೆ. ಅದರ ನೆತ್ತಿಯ ಮೇಲೆ ಕುಂಬಾರರ ಊರು. ಎಷ್ಟೋ ದೇಶ ಸುತ್ತಿದ್ದೇನೆ, ಜೇಡಿಮಣ್ಣು ಹೊತ್ತು ಬಂಡೆ ಹತ್ತುವ ಕುಂಬಾರರನ್ನು ಇಲ್ಲಿ ಮಾತ್ರ ಕಂಡೆ. ಅವರು ಮೇಲೇರಿದ್ದಕ್ಕೂ ಗುಡ್ಡಕ್ಕೆ ಒಲೆಗುಡ್ಡವೆಂಬ ಹೆಸರು ಬಂದದ್ದಕ್ಕೂ ಕಾರಣ ಒಂದೇ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ನಾಡಿನ ದೊರೆಗೆ ತನ್ನ ಜನ ಎಲ್ಲಿ ಎಷ್ಟಿದ್ದಾರೆಂಬುದೇ ತಿಳಿದಿರಲಿಲ್ಲವಂತೆ. ನೂರಾರು ಹಳ್ಳಿಗಳ ವರದಿ ಕೇಳಿ ಬೇಸತ್ತು, ನಾಡನ್ನು ನಾಲ್ಕು ದೊಡ್ಡ ಭಾಗ ಮಾಡಿ, ಒಂದೊಂದರ ಒಲೆಗಳನ್ನೂ ಎಣಿಸಿ, ಭಾಗಕ್ಕೊಂದು ಕೆರೆ ಕಟ್ಟಿಸುವುದೆಂದು ಗೊತ್ತುಮಾಡಿದ. ಒಲೆ ಕಡಿಮೆ ಇರುವ ತಗ್ಗಿನಲ್ಲೇ ಕೆರೆ. ಮುಳುಗುವವರು ಕಡಿಮೆಯಾಗಲಿ ಎಂಬ ದಯೆ. ಬಡಗಣ ಭಾಗಕ್ಕೆ ಬಂದ ಕರಣಿಕ ತಿಪ್ಪರಸ ಮನೆಮನೆ ಅಲೆಯಲಿಲ್ಲ. ಗುಡ್ಡದ ಮೇಲೆ ಡೇರೆ ಹಾಕಿ, ಬೆಳಿಗ್ಗೆ ಎದ್ದು ಹೊಗೆ ಎಣಿಸಿದ: ಒಂದು ಹೊಗೆಗೆ ಒಂದು ಒಲೆ, ಒಂದು ಒಲೆಗೆ ಒಂದು ಮನೆ. ಅಂದು, ಆಗಿನ್ನೂ ಗುಡ್ಡದ ಕೆಳಗಿನ ತಗ್ಗಿನಲ್ಲೇ ಇದ್ದ ಕುಂಬಾರರು ಮಡಕೆ ಸುಡುವ ಆವಿಗೆಗೆ ಬೆಂಕಿ ಇಟ್ಟಿದ್ದರು. ಆವಿಗೆ ಉರಿಯುವಷ್ಟು ಹೊತ್ತು ಊರಿನಲ್ಲಿ ಬೇರೆ ಒಲೆ ಹೊತ್ತಿಸಬಾರದೆಂಬುದು ಅವರ ಕಟ್ಟಳೆ, ಎಲ್ಲರಿಗೂ ತಂಗಳೇ. ತಿಪ್ಪರಸನಿಗೆ ಕಂಡದ್ದು ಒಂದೇ ದಪ್ಪ ಹೊಗೆ. ಒಂದು ಎಂದು ಕಡತದಲ್ಲಿ ಬರೆದ. ಕೆರೆಯ ಜಾಗ ಅಲ್ಲೇ ಗೊತ್ತಾಯಿತು.

ಏರಿಗೆ ಗೂಟ ಹೊಡೆಯಲು ಆಳುಗಳು ಬಂದಾಗಲೇ ಕುಂಬಾರರಿಗೆ ವಿಷಯ ತಿಳಿದದ್ದು. ಬಾಳವ್ವ ಎಂಬ ಮುದುಕಿ, "ಆ ಕರಣಿಕಗ ಮ್ಯಾಲಿಂದಷ್ಟೇ ಕಣ್ಣು ಕಾಣ್ತಾವು. ಮ್ಯಾಲೇ ಹೋಗಿ ತೋರ್ಸೂಣು, ನಡೀರಿ" ಎಂದಳು. ಮೂವತ್ತೇಳು ಮನೆಯವರೂ ಕಲ್ಲು, ಸೌದೆ, ಹಿಟ್ಟು ಹೊತ್ತು ಗುಡ್ಡ ಹತ್ತಿ, ಡೇರೆಯ ಮುಂದೆ ಸಾಲಾಗಿ ಒಲೆ ಹೂಡಿ ರೊಟ್ಟಿ ಬಡಿಯತೊಡಗಿದರು.

"ಎಣಿಸ್ಕೋರಿ ಯಪ್ಪಾ. ಕಣ್ಣಾಗ ಹೊಗಿ ಹೊಕ್ರ ಒರಸ್ಕೊಂಡು ಎಣಿಸ್ರಿ" ಎಂದಳು ಬಾಳವ್ವ.

ತಿಪ್ಪರಸ ಕೆಟ್ಟವನಲ್ಲ. ಎರಡು ಸಲ ಎಣಿಸಿದ; ಕೊಟ್ಟ ರೊಟ್ಟಿಯನ್ನೂ ತಿಂದ. "ತಗ್ಗಿನ ಲೆಕ್ಕ ರಾಜಧಾನಿ ಸೇರ್ಯದ ಯವ್ವಾ, ಅದನ್ನ ತಿದ್ದೂ ಅಧಿಕಾರ ನನಗಿಲ್ಲ. ಕಂಡದ್ದನ್ನ ಬರೀತೀನಿ" ಎಂದು ಕಡತಕ್ಕೆ ಹೊಸ ಸಾಲು ಸೇರಿಸಿದ: ಗುಡ್ಡದ ಮೇಲೆ ಒಲೆ ಮೂವತ್ತೇಳು. ಕುಂಬಾರರು ನೆಮ್ಮದಿಯಿಂದ ಇಳಿದುಹೋದರು. ಮಳೆಗಾಲಕ್ಕೆ ಮುಂಚೆ ದೊರೆಯ ಅಪ್ಪಣೆ ಬಂತು. ಗುಡ್ಡದವರು ಗುಡ್ಡದ ಮೇಲೇ ಇರತಕ್ಕದ್ದು; ತಗ್ಗಿನ ಒಂದು ಮನೆಗೆ ಬೇರೆ ನೆಲ ಕೊಡತಕ್ಕದ್ದು. ಆ ಒಂದು ಮನೆ ಯಾರದೆಂದು ಆಳುಗಳು ಕೇಳಿದಾಗ ಬಾಳವ್ವ ಆವಿಗೆಯತ್ತ ಕೈ ತೋರಿದಳಂತೆ.

ಊರು ಮುಳುಗಿದ ಆ ಕೆರೆಯಲ್ಲಿ ಬೇಸಿಗೆಗೆ ನೀರು ಇಳಿದಾಗ ಹೋದವರು ಇಂದಿಗೂ ನೋಡಬಹುದು. ಕೆರೆಯಂಗಳದ ಜೇಡಿಮಣ್ಣು ಎಲ್ಲ ಕಡೆಯೂ ಒಂದೇ, ಆದರೂ ಒಂದೊಂದು ಮನೆತನ ತನ್ನ ಹಳೆಯ ಮನೆ ಇದ್ದಷ್ಟು ನೆಲದಲ್ಲಿ ಮಾತ್ರ ಅಗೆಯುತ್ತದೆ. ಗುರುತಿಗೊಂದು ಕಲ್ಲೂ ಇಲ್ಲ. ಕೇಳಿದರೆ, "ನಮ್ಮ ಅಡಿಗಿಮನಿ ಇಲ್ಲಿತ್ತ್ರೀ" ಎಂದು ಕಾಲಿನಿಂದ ತೋರಿಸಿ, ಮತ್ತೆ ಗುದ್ದಲಿ ಎತ್ತುತ್ತಾರೆ.