ಹತ್ತು ಎಣಿಸಿದ ಮೇಲೆ ಬಂದ ನೀರು

ಒಂದೂರು. ಆ ಊರಲ್ಲೊಂದು ಪುಟ್ಟ ಹುಡುಗಿ. ಹೆಸರು ಇಂಚರ. ಇಂಚರಳಿಗೆ ಕಿವಿ ಕೇಳುತ್ತೆ. ನಗು ಬರುತ್ತೆ. ಮಾತು ಮಾತ್ರ ಬರಲ್ಲ.

ಅವಳಿಗೊಬ್ಬಳು ಚಿಕ್ಕಮ್ಮ. ಹೆಸರು ಸುಗಂಧಿ. ಸುಗಂಧಿ ಕಂಪ್ಯೂಟರಿನಲ್ಲಿ ಒಂದು ಮಾತಿನ ಹಲಗೆ ಮಾಡ್ತಿದ್ದಳು. ಹಲಗೆ ತುಂಬ ಚಿತ್ರ. ಲೋಟ ಒತ್ತಿದರೆ ಹಲಗೆ "ನೀರು" ಅನ್ನುತ್ತೆ. ತಟ್ಟೆ ಒತ್ತಿದರೆ "ಊಟ" ಅನ್ನುತ್ತೆ. ಹಲಗೆ ಇನ್ನೂ ಹೊರಗೆ ಹೋಗಿರಲಿಲ್ಲ. ಸುಗಂಧಿಯ ಕಂಪ್ಯೂಟರಿನೊಳಗೇ ಇತ್ತು. ಸೋಮವಾರ ಅದು ಇಂಚರಳ ಜೊತೆ ಶಾಲೆಗೆ ಹೋಗಬೇಕು.

ಶನಿವಾರ ಬೆಳಿಗ್ಗೆ ಇಂಚರಳಿಗೆ ಬಾಯಾರಿತು. ಲೋಟ ಒತ್ತಿದಳು. ಮಾತು ಬರಲಿಲ್ಲ.

ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು, ಒಂಬತ್ತು, ಹತ್ತು.

ಆಮೇಲೆ ಹಲಗೆ "ನೀರು" ಅಂತು. ಅಷ್ಟರಲ್ಲಿ ಇಂಚರ ಹಲಗೆಯನ್ನು ದೂಡಿ, ಗೋಡೆ ಕಡೆ ತಿರುಗಿ ಕೂತಿದ್ದಳು.

ಸುಗಂಧಿ ನೀರು ಕೊಟ್ಟಳು. ಇಂಚರ ಕುಡಿದಳು. ಆದರೆ ಹಲಗೆ ಮುಟ್ಟಲಿಲ್ಲ.

"ನಿನ್ನೆ ಬೆಳಿಗ್ಗೆ ಒಂದು ಅನ್ನೋದರೊಳಗೆ ಬರ್ತಿತ್ತು," ಅಂದಳು ಸುಗಂಧಿ. "ಇವತ್ತು ಎಲ್ಲಿ ತಡ ಆಗ್ತಿದೆ? ಕೇಳ್ಕೊಂಡು ಬರೋಣ ಬಾ."

ಕಂಕುಳಲ್ಲಿ ಕಂಪ್ಯೂಟರ್, ಕೈಯಲ್ಲಿ ಇಂಚರಳ ಕೈ. ಹೊರಟರು.

ಸೈಕಲ್ ಅಂಗಡಿ ಮೇಲೆ ರೆಹಾನಾ ಮನೆ. ಹಲಗೆಯಲ್ಲಿ ಕಣ್ಣಿಗೆ ಕಾಣೋ ಪುಟ ಬಿಡಿಸಿದವಳು ರೆಹಾನಾ.

"ರೆಹಾನಾ, ರೆಹಾನಾ, ಇಂಚರಳ ಮಾತು ತಡ ಆಗ್ತಿದೆ. ಬೇಗ ಮಾಡಿಕೊಡು."

ರೆಹಾನಾ ಲೋಟ ಒತ್ತಿದಳು. ಗಡಿಯಾರ ನೋಡಿದಳು. "ಪುಟ ಬಿಡಿಸೋಕೆ ಒಂದೇ ಚಿಟಿಕೆ ಹೊತ್ತು. ಮಿಕ್ಕಿದ್ದೆಲ್ಲ ಬರೀ ಕಾಯೋದು. ನನ್ನ ಪುಟ ಸರ್ವರಿಗೆ ಕಾಯ್ತಿದೆ. ನನ್ನ ಕೈಲಿ ಆಗಲ್ಲ. ಡೊಮಿನಿಕ್‌ನ ಕೇಳು."

ಹೊರಟರು. ಬೇಕರಿ ಹಿಂದೆ ಡೊಮಿನಿಕ್ ಮನೆ. ಪುಟ ಕೇಳಿದ್ದನ್ನು ಓಡಿಹೋಗಿ ತಂದುಕೊಡೋದು ಸರ್ವರ್. ಅದನ್ನು ಮಾಡಿದವನು ಡೊಮಿನಿಕ್.

"ಡೊಮಿನಿಕ್, ಡೊಮಿನಿಕ್, ಮಾತು ಪುಟಕ್ಕೆ ಕಾಯ್ತಿದೆ. ಪುಟ ಸರ್ವರಿಗೆ ಕಾಯ್ತಿದೆ. ಇಂಚರ ಗೋಡೆ ಕಡೆ ತಿರುಗಿ ಕೂತುಬಿಟ್ಟಳು. ಬೇಗ ಮಾಡಿಕೊಡು."

ಡೊಮಿನಿಕ್ ಇಂಚರಳ ಕೈಗೆ ಬಿಸಿ ಬನ್ನು ಕೊಟ್ಟ. ಲೋಟ ಒತ್ತಿದ. ಗಡಿಯಾರ ನೋಡಿದ. "ಕೇಳಿದ್ದು ತಿಳ್ಕೊಳ್ಳೋಕೆ ಒಂದೇ ಚಿಟಿಕೆ. ಮಿಕ್ಕಿದ್ದೆಲ್ಲ ಉಗ್ರಾಣದ ಬಾಗಿಲಲ್ಲಿ ಕಾಯೋದು. ನನ್ನ ಕೈಲಿ ಆಗಲ್ಲ. ಗೌರಕ್ಕನ ಕೇಳು."

ಹೊರಟರು. ನಲ್ಲಿಕಟ್ಟೆ ಎದುರಿಗೆ ಗೌರಕ್ಕನ ಮನೆ. ಗೌರಕ್ಕ ಹಿಂದೆ ಟೀಚರ್ ಆಗಿದ್ದರು. ಹಲಗೆಯ ಚಿತ್ರವೆಲ್ಲ ಇರೋದು ಒಂದು ಉಗ್ರಾಣದಲ್ಲಿ. ಅದನ್ನು ಜೋಡಿಸಿದವರು ಗೌರಕ್ಕ.

"ಗೌರಕ್ಕ, ಗೌರಕ್ಕ, ಮಾತು ಪುಟಕ್ಕೆ ಕಾಯ್ತಿದೆ. ಪುಟ ಸರ್ವರಿಗೆ ಕಾಯ್ತಿದೆ. ಸರ್ವರ್ ಉಗ್ರಾಣಕ್ಕೆ ಕಾಯ್ತಿದೆ. ಇಂಚರ ಗೋಡೆ ಕಡೆ ತಿರುಗಿ ಕೂತುಬಿಟ್ಟಳು. ಬೇಗ ಮಾಡಿಕೊಡಿ."

ಗೌರಕ್ಕ ಕನ್ನಡಕ ಹಾಕ್ಕೊಂಡರು. ಲೋಟ ಒತ್ತಿದರು. ಉಗ್ರಾಣದ ಬಾಗಿಲಿಗೆ ಯಾರು ಯಾರು ಬಂದರು ಅಂತ ಓದಿದರು.

"ಲೋಟ ಕೊಡು. ತಟ್ಟೆ ಕೊಡು. ಗಿಣಿ ಕೊಡು. ಚಪ್ಪಲಿ ಕೊಡು..." ಗೌರಕ್ಕ ಓದ್ತಾನೇ ಇದ್ದರು. "ಇಲ್ಲಿ ನೋಡೇ ಸುಗಂಧಿ. ಒಂದು ಸಲ ಒತ್ತಿದರೆ ಪುಟದ ಚಿತ್ರವೆಲ್ಲ ಬೇಕು ಅಂತ ಸರ್ವರ್ ನಾನೂರು ಸಲ ಬಂದು ಬಾಗಿಲು ತಟ್ಟುತ್ತೆ, ಒಂದೊಂದು ಸಲ ಒಂದೊಂದು ಚಿತ್ರಕ್ಕೆ. ಅಂಗಡಿಗೆ ಹೋಗಿ ಒಂದು ಈರುಳ್ಳಿ ತಂದು, ವಾಪಸ್ ಹೋಗಿ ಇನ್ನೊಂದು ಈರುಳ್ಳಿ ತಂದ ಹಾಗೆ. ಹೀಗೆ ಕೇಳು ಅಂತ ಬರೆದವರು ಯಾರು?"

ಸುಗಂಧಿ ಕಂಪ್ಯೂಟರಿನಲ್ಲಿ ಹಾಗೆ ಬರೆದಿದ್ದ ಸಾಲು ಹುಡುಕಿದಳು. ಓದಿದಳು.

"ನಾನೇ, ಗೌರಕ್ಕ. ಆಗ ಹತ್ತೇ ಚಿತ್ರ ಇತ್ತು. ತಡ ಗೊತ್ತಾಗ್ತಿರಲಿಲ್ಲ. ನಿನ್ನೆ ಸಂಜೆ ನಾನೂರು ಚಿತ್ರ ತುಂಬಿದೆ. ಸಾಲು ಮಾತ್ರ ಹಾಗೇ ಬಿಟ್ಟೆ."

"ಬಿಟ್ಟರೆ ಏನಂತೆ, ಈಗ ಸಿಕ್ತಲ್ಲ," ಅಂದರು ಗೌರಕ್ಕ. "ಒಂದೇ ಚೀಲ ತಗೊಂಡು ಬಾ. ಎಲ್ಲ ಒಂದೇ ಸಲ ಕೇಳು."

ಸುಗಂಧಿ ಅಲ್ಲೇ ಜಗಲಿ ಮೇಲೆ ಕೂತಳು. ಆ ಸಾಲು ಅಳಿಸಿದಳು. ಹೊಸ ಸಾಲು ಬರೆದಳು. ಲೋಟ ಒತ್ತಿದಳು.

ಹೊಸ ಸಾಲು ಒಂದೇ ಸಲ ಕೇಳಿತು. ಉಗ್ರಾಣ ಒಂದೇ ಸಲ ಕೊಟ್ಟಿತು. ಸರ್ವರ್ ಒಂದೇ ಓಟದಲ್ಲಿ ತಂತು. ಪುಟ ಒಂದೇ ಚಿಟಿಕೆಗೆ ಮೂಡಿತು.

ಒಂದು...

"ನೀರು" ಅಂತು ಹಲಗೆ.

ಇಂಚರ ತಿರುಗಿ ನೋಡಿದಳು. ಮೆಲ್ಲಗೆ ಹತ್ತಿರ ಬಂದಳು. ತಾನೇ ಬೆರಳಿಟ್ಟಳು. "ನೀರು." ಗೌರಕ್ಕ ಎದ್ದು ಒಳಗಿಂದ ತಣ್ಣನೆಯ ನೀರು ತಂದುಕೊಟ್ಟರು.

ಇಂಚರ ಪೂರ್ತಿ ಕುಡಿದಳು. ಆಮೇಲೆ ಮುಗಿದ ಕೈಗಳ ಚಿತ್ರ ಹುಡುಕಿ ಒತ್ತಿದಳು. "ಥ್ಯಾಂಕ್ಸ್" ಅಂತು ಹಲಗೆ. ಗೌರಕ್ಕ ಕನ್ನಡಕ ತೆಗೆದು ಸೆರಗಲ್ಲಿ ಒರೆಸಿಕೊಂಡರು.

ಬಂದ ದಾರಿಯಲ್ಲೇ ವಾಪಸ್ ಹೊರಟರು.

ಬೇಕರಿ ಹಿಂದೆ ನಿಂತರು. "ಡೊಮಿನಿಕ್, ಸರ್ವರ್ ಈಗ ಕಾಯ್ತಿಲ್ಲ. ದಾರಿ ತೋರಿಸಿದ್ದು ನೀನು," ಅಂದಳು ಸುಗಂಧಿ. ಇಂಚರ ಒತ್ತಿದಳು. "ಥ್ಯಾಂಕ್ಸ್." ಡೊಮಿನಿಕ್ ಇನ್ನೊಂದು ಬನ್ನು ಕೊಟ್ಟ. ಅದಕ್ಕೂ "ಥ್ಯಾಂಕ್ಸ್."

ಸೈಕಲ್ ಅಂಗಡಿ ಮೆಟ್ಟಿಲು ಹತ್ತಿದರು. "ರೆಹಾನಾ, ಸರ್ವರ್ ಈಗ ಕಾಯ್ತಿಲ್ಲ. ಪುಟ ಈಗ ಕಾಯ್ತಿಲ್ಲ. ಮೊದಲು ಅಳೆದು ನೋಡಿದ್ದು ನೀನು." ಇಂಚರ ಒತ್ತಿದಳು. "ಥ್ಯಾಂಕ್ಸ್." ರೆಹಾನಾ ಅವಳನ್ನು ಎತ್ತಿಕೊಂಡು ಕೆನ್ನೆಗೊಂದು ಮುತ್ತು ಕೊಟ್ಟಳು.

ಮನೆಗೆ ಬಂದರು. ಉಗ್ರಾಣ ಕಾಯಿಸಲಿಲ್ಲ. ಸರ್ವರ್ ಕಾಯಲಿಲ್ಲ. ಪುಟ ಕಾಯಲಿಲ್ಲ. ಮಾತು ಕಾಯಲಿಲ್ಲ.

ಸುಗಂಧಿ ಅಡುಗೆಮನೆಯಲ್ಲಿ ಅಕ್ಕಿ ತೊಳೀತಿದ್ದಳು. ಹಿಂದಿನಿಂದ ಯಾರೋ ಕರೆದ ಹಾಗಾಯ್ತು.

"ಚಿಕ್ಕಮ್ಮ."

ಇಂಚರ ಬಾಗಿಲಲ್ಲಿ ಹಲಗೆಯ ಕಂಪ್ಯೂಟರ್ ಹಿಡಿದು ನಿಂತಿದ್ದಳು. ಏನೂ ಬೇಕಾಗಿರಲಿಲ್ಲ. ಸುಮ್ಮನೆ ಕರೆದಿದ್ದಳು.

ಸುಗಂಧಿಯ ಕೈ ನೀರಲ್ಲೇ ನಿಂತಿತು.

"ಓ," ಅಂದಳು.

ಇಂಚರ ಮತ್ತೆ ಒತ್ತಿದಳು. "ಚಿಕ್ಕಮ್ಮ."

"ಓ."

ಅವಳು ಕರೀತಾ ಹೋದಳು. ಇವಳು ಓಗೊಡ್ತಾ ಹೋದಳು. ಅಕ್ಕಿ ನೆನೀತಾ ಇತ್ತು. ಕತೆ ಇಷ್ಟಕ್ಕೆ ಸಾಕು.