ಬಂಡೆಯ ಮುನಿಸು

ಸೀಳುಬಂಡೆಯ ಸಂದಿಯಲ್ಲಿ ಸಂಸಾರ ಹೂಡಲು ಗಂಟುಮೂಟೆ ಸಮೇತ ಬಂದ ಹೆಗ್ಗಣ, ಜಾಗ ಹೇಗೆಂದು ಅಲ್ಲಿದ್ದ ಹಲ್ಲಿಯನ್ನು ಕೇಳಿತು.

"ವರ್ಷವಿಡೀ ಕಿವಿಗೊಟ್ಟಿದ್ದೇನೆ. ಬಂಡೆ ಒಮ್ಮೆಯೂ ಅದುರಿಲ್ಲ," ಎಂದ ಹಲ್ಲಿ ತನ್ನ ಮಾತಿಗೆ ತಾನೇ ಲೊಚಗುಟ್ಟಿತು.

"ಸುಳ್ಳು," ಎಂದಿತು ಪಕ್ಕದಲ್ಲೇ ಬಂಡೆಗೆ ಅಂಟಿಕೊಂಡಿದ್ದ ಬಸವನಹುಳು. "ಸೀಳಿಗೆ ಅಡ್ಡಲಾಗಿ ನಾನೆಳೆದ ಲೋಳೆಯ ನೇರ ಗೆರೆ ತುಂಡಾಗದಿದ್ದರೂ ದಿನದಿನಕ್ಕೆ ಡೊಂಕಾಗುತ್ತಿದೆ."

"ನಿನ್ನ ಗೆರೆ ಹುಟ್ಟಿನಿಂದಲೇ ಡೊಂಕು!"

"ನಿನ್ನ ಕಿವಿಯೇ ಮಂದ!"

ಎರಡೂ ಮಾತು ಬಿಟ್ಟು, ಪಿಟ್ಟೆನ್ನದೆ, ಇಷ್ಟಿಷ್ಟೇ ಬೆನ್ನು ತಿರುಗಿಸುತ್ತಾ ಕೂತವು. ಅವುಗಳನ್ನು ನೋಡುತ್ತಿದ್ದ ಹೆಗ್ಗಣಕ್ಕೆ ಬಂಡೆಯ ಸಂಗತಿ ಥಟ್ಟನೆ ಹೊಳೆಯಿತು.

"ಇಬ್ಬರೂ ನಿಜವನ್ನೇ ಹೇಳಿದಿರಿ. ಬಂಡೆ ಸದ್ದಿಲ್ಲದೆ ಡೊಂಕಾಗುತ್ತಿದ್ದರೆ ಅದು ನೆಮ್ಮದಿಯಲ್ಲ, ಮುನಿಸು," ಎಂದು ಅದು ಗಂಟು ಎತ್ತಿಕೊಂಡಿತು. "ಮೊದಲು ಸಿಡಿಯುವುದು ಬಂಡೆಯೋ ನೀವೋ, ಗೊತ್ತಿಲ್ಲ. ನಾನಂತೂ ಇಲ್ಲಿರುವುದಿಲ್ಲ."